ಗುಡ್ಡವೂ ಉಳಿಯಬೇಕು, ರಸ್ತೆಯೂ ಬರಬೇಕು: ಪಂಚಾಯಿತಿ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಸುಮಾರು 120 ಮನೆ, 500 ಜನ. ನಾನು ಗ್ರಾಮ ಪಂಚಾಯಿತಿ ಸದಸ್ಯೆ, ಇದು ಮೊದಲ ಸಲ. ನಮ್ಮೂರ ಮಣ್ಣು ರಸ್ತೆಯನ್ನು ಅಗಲ ಮಾಡಿ ಡಾಂಬರು ಹಾಕುತ್ತಾರಂತೆ. ಊರ ಮೇಲಿನ ಬ್ಯಾಣವನ್ನು, ಅಂದರೆ ಗುಡ್ಡದ ಹುಲ್ಲುಗಾವಲನ್ನು, ಬೆಂಗಳೂರಿನವರೊಬ್ಬರು ಕೊಂಡು 20 ಕೋಣೆಯ ರೆಸಾರ್ಟ್ ಕಟ್ಟುತ್ತಾರಂತೆ. ಊರಿನ ಚಂದವೆಲ್ಲ ಹಾಳಾಗುತ್ತದೆ ಎಂದು ಹಿರಿಯರ ಗಲಾಟೆ. ಇಲ್ಲೇ ಇರಬೇಕು ಅಂದರೆ ನಮಗೂ ಕೆಲಸ ಬೇಡವಾ ಎಂದು ಹುಡುಗರ ಗಲಾಟೆ. ಇಬ್ಬರು ಹೇಳುವುದೂ ಸರಿ ಅನಿಸುತ್ತದೆ. ಮುಂದಿನ ತಿಂಗಳು ಗ್ರಾಮಸಭೆ ಇದೆ. ಅಲ್ಲಿ ಏನು ಮಾತಾಡಲಿ?

ಉತ್ತರ: ಮೊದಲು ಒಂದು ಮಾತು. ಗ್ರಾಮಸಭೆಯಲ್ಲಿ "ಊರಿನ ಚಂದ" ಅನ್ನುವ ಮಾತನ್ನೇ ಎತ್ತಬೇಡಿ. ಚಂದ ಬೇಡ ಅಂತಲ್ಲ. ಆ ಮಾತು ಸಭೆಯಲ್ಲಿ ಯಾವತ್ತೂ ಗೆಲ್ಲುವುದಿಲ್ಲ. ಒಂದು ಕಡೆ ಆಂಬುಲೆನ್ಸ್ ಬರುವ ರಸ್ತೆ, ಇನ್ನೊಂದು ಕಡೆ ಹಸಿರು ಗುಡ್ಡ ಅಂತ ಇಟ್ಟರೆ ಜನ ಆಂಬುಲೆನ್ಸನ್ನೇ ಆರಿಸುತ್ತಾರೆ, ಆರಿಸಬೇಕಾದ್ದೂ ಅದನ್ನೇ. ನೀವು ನೀರಿನ ಲೆಕ್ಕ ಮಾತಾಡಿ. ಮಲೆನಾಡಿನಲ್ಲಿ ಕಣ್ಣಿಗೆ ಚಂದ ಕಾಣುವುದೆಲ್ಲ ಹೆಚ್ಚುಕಡಿಮೆ ನೀರು ಇಂಗುವ, ಹರಿಯುವ, ನಿಲ್ಲುವ ಜಾಗಗಳೇ: ಮೇಲೆ ಬ್ಯಾಣ, ಅದರ ಮಡಿಲಲ್ಲಿ ಕಾನು (ದಟ್ಟ ಕಾಡು), ಕಾನಿನ ಬುಡದಲ್ಲಿ ಅಬ್ಬಿ (ಹರಿದು ಬರುವ ಒರತೆ ನೀರು), ಅಲ್ಲಿಂದ ತೋಟ, ಕೊನೆಗೆ ಗದ್ದೆ. ನೀರಿನ ದಾರಿ ಕಾಯ್ದರೆ ನೋಟವೂ ತಾನಾಗಿಯೇ ಉಳಿಯುತ್ತದೆ. ನೋಟ ಉಳಿಸೋಕೆ ಹೊರಟರೆ ಜಗಳ ಮಾತ್ರ ಉಳಿಯುತ್ತದೆ.

ಇನ್ನೊಂದು. ಹುಡುಗರು ಕೇಳುತ್ತಿರುವ ಹೆಚ್ಚಿನ ವಿಷಯಗಳಿಂದ ಗುಡ್ಡಕ್ಕೆ ಏನೂ ಆಗುವುದಿಲ್ಲ. ಫೈಬರ್ ಇಂಟರ್ನೆಟ್, ಮೊಬೈಲ್ ಟವರ್, ದಿನಕ್ಕೆ ಎರಡು ಸಲವಾದರೂ ಬರುವ ಬಸ್ಸು, ಮಳೆಗಾಲದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಹೋಗದ ಕರೆಂಟು, ಶಾಲೆಗೆ ಮೇಷ್ಟ್ರು. 2021ರಲ್ಲಿ ನಿಮ್ಮ ಜಿಲ್ಲೆಯಲ್ಲೇ "ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ" ಅಂತ ಹಳ್ಳಿಯವರು ಅಭಿಯಾನ ಮಾಡಿದ್ದರು, ನೆನಪಿರಬಹುದು. ಆನ್‌ಲೈನ್ ಪಾಠಕ್ಕೆ ಮಕ್ಕಳು ಗುಡ್ಡ ಹತ್ತಿ ಕೂರುತ್ತಿದ್ದ ಕಾಲ ಅದು. ಈ ಬೇಡಿಕೆಗಳಿಗೆಲ್ಲ ನೀವೇ ಮುಂದೆ ನಿಂತು ಸಹಿ ಹಾಕಿ, ಹಿರಿಯರಿಂದಲೂ ಹಾಕಿಸಿ. ಆಮೇಲೆ ನೀವು ಯಾವುದಕ್ಕಾದರೂ "ಇದು ಇಲ್ಲಿ ಬೇಡ" ಅಂದಾಗ ಹುಡುಗರು ಕಿವಿಗೊಡುತ್ತಾರೆ. ನಿಜವಾದ ತಕರಾರು ಬರುವುದು ನಾಲ್ಕೇ ವಿಷಯಕ್ಕೆ. ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿಯುವುದು, ನೀರಿನ ತಲೆ (ನೀರು ಹುಟ್ಟುವ ಜಾಗ), ಜಮೀನು ಯಾರ ಕೈ ಸೇರುತ್ತದೆ, ಕಸ.

ರಸ್ತೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಮೊದಲು ಬರುತ್ತದೆ. ರಸ್ತೆ ಬೇಕೇ ಬೇಕು. ಪ್ರಶ್ನೆ ಇರುವುದು ಎಷ್ಟು ಅಗಲ, ಮತ್ತು ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆಗಳಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ವಾಹನ ತೀರಾ ಕಡಿಮೆ ಇದ್ದರೆ 3 ಮೀಟರಿಗೂ ಇಳಿಸಬಹುದು. ನಡುನಡುವೆ ಎದುರು ಗಾಡಿಗೆ ಸೈಡ್ ಕೊಡುವಷ್ಟು ಜಾಗ ಬಿಟ್ಟರೆ 120 ಮನೆಯ ಊರಿಗೆ ಅಷ್ಟು ಸಾಕು. ಅದಕ್ಕಿಂತ ಅಗಲ ಬೇಕು ಎಂದು ಯಾರಾದರೂ ಒತ್ತಾಯ ಮಾಡಿದರೆ ಆ ಅಗಲ ಯಾರ ಗಾಡಿಗೆ ಅಂತ ಕೇಳಿ. ಎಷ್ಟೋ ಸಲ ಉತ್ತರ ಮೇಲಿನ ರೆಸಾರ್ಟಿನ ಕಡೆ ಕೈ ತೋರಿಸುತ್ತದೆ.

ಇಳಿಜಾರಿನಲ್ಲಿ ಒಂದು ಮೀಟರ್ ಅಗಲ ಹೆಚ್ಚು ಮಾಡುವುದೆಂದರೆ ಬರೀ ಒಂದು ಮೀಟರ್ ಅಲ್ಲ. ಗುಡ್ಡದ ಕಡೆಗೆ ಒಂದು ಮೀಟರ್ ಒಳಗೆ ಹೋಗಲು ಎಷ್ಟೋ ಅಡಿ ಎತ್ತರದ ಧರೆಯನ್ನು ನೆಟ್ಟಗೆ ಕಡಿಯಬೇಕಾಗುತ್ತದೆ. ಹಿಟಾಚಿಯವರಿಗೆ ಗಂಟೆ ಲೆಕ್ಕ, ಹಾಗಾಗಿ ಗೋಡೆಯ ಹಾಗೆ ನೇರವಾಗಿ ಕಡಿದು ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳಿಬಿಡುತ್ತಾರೆ. ನಮ್ಮ ಘಟ್ಟದ ಗುಡ್ಡಗಳಲ್ಲಿ ಮೇಲೆ ದಪ್ಪ ಮಣ್ಣಿನ ಪದರ, ಅದರಡಿ ಬಂಡೆ. ಜುಲೈ ಮಳೆಗೆ ಆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಬಂಡೆಯ ಮೇಲೆ ನೀರು ಹರಿಯಲು ಶುರುವಾಗುತ್ತದೆ, ಮಣ್ಣಿಗೆ ಆಧಾರವಾಗಿದ್ದ ಬುಡವನ್ನು ನೀವು ಬೇಸಿಗೆಯಲ್ಲೇ ಕಡಿದು ತೆಗೆದಿರುತ್ತೀರಿ. ಇನ್ನೇನು ಬೇಕು ಕುಸಿಯಲು? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆಗಿದ್ದನ್ನು ನೋಡಿದ್ದೀರಿ. ಮಳೆ ವಿಪರೀತ ಇತ್ತು ನಿಜ, ಆದರೆ ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿದದ್ದರ ಕಡೆಗೂ ಭೂವಿಜ್ಞಾನಿಗಳು ಬೊಟ್ಟು ಮಾಡಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದೂ ಹೆದ್ದಾರಿ ಅಗಲ ಮಾಡಲು ಕಡಿದ ಜಾಗದಲ್ಲೇ. ಹಳ್ಳಿ ರಸ್ತೆಗೆ ಅಷ್ಟು ದೊಡ್ಡ ಅನಾಹುತ ಆಗದೇ ಇರಬಹುದು. ಆದರೆ ಒಂದು ಧರೆ ಜಾರಿ ಕೆಳಗಿನ ಅಡಿಕೆ ತೋಟ ಮುಚ್ಚಿಹೋಗಲು ಅಷ್ಟು ದೊಡ್ಡ ಗುಡ್ಡ ಬೇಕಾಗಿಲ್ಲ.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಎಸ್ಟಿಮೇಟ್ ಪ್ರತಿ ತರಿಸಿಕೊಳ್ಳಿ. ನೀವು ಸದಸ್ಯೆ, ಕೇಳಿದರೆ ಕೊಡಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದರಲ್ಲಿ ರಸ್ತೆಯಡಿ ನೀರು ದಾಟಿಸುವ ಮೋರಿ ಎಷ್ಟಿದೆ ನೋಡಿ. ನಾನು ನೋಡಿದ ಎಸ್ಟಿಮೇಟುಗಳಲ್ಲಿ ಡಾಂಬರಿಗೆ ದುಡ್ಡು ಧಾರಾಳ ಇರುತ್ತದೆ, ಮೋರಿ ಮತ್ತು ಚರಂಡಿ ಹತ್ತಿರ ಬಂದಾಗ ಕೈ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ರಸ್ತೆ ಅಡ್ಡ ನೀರು ಎಲ್ಲೆಲ್ಲಿ ದಾಟುತ್ತದೆ ಅಂತ ಊರಿನ ದನ ಕಾಯುವವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೆ ಗೊತ್ತಿರುವುದಿಲ್ಲ, ಅವರು ಬಂದು ಅಳೆಯುವುದು ಬೇಸಿಗೆಯಲ್ಲಿ ಅಲ್ವಾ. ಊರವರೇ ಆ ಜಾಗಗಳಿಗೆ ಗೂಟ ಹೊಡೆದು ಫೋಟೊ ತೆಗೆದು ಕೊಡಿ. ಮಣ್ಣು ಹಾಕುವ ಜಾಗ ಯಾವುದು ಅಂತ ಬರವಣಿಗೆಯಲ್ಲಿ ಕೇಳಿ. ಕಡಿದ ಧರೆಯನ್ನು ಸ್ವಲ್ಪ ಓರೆ ಮಾಡಿಸಿ, ಮೊದಲ ಮಳೆ ಬೀಳುತ್ತಿದ್ದಂತೆ ಲಾವಂಚ ನೆಡಿಸಿ. ಅದರ ಬೇರು ನೇರ ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ, ಖರ್ಚೂ ಕಡಿಮೆ. ಮೇ ತಿಂಗಳಲ್ಲಿ ಹೊಸದಾಗಿ ಧರೆ ಕಡಿಯಲು ಬಿಡಲೇಬೇಡಿ. ಮಾರ್ಚ್ ಒಳಗೆ ಬಿಲ್ ಮಾಡುವ ಅವಸರ ಇಲಾಖೆಯದ್ದು. ಜೂನ್ ಮಳೆ ಎದುರಿಸಬೇಕಾದವರು ನೀವು.

ಹಳ್ಳದ ಆಚೆ ನಾಲ್ಕು ಮನೆ ಇದ್ದು, ಅಲ್ಲಿಗೂ ದೊಡ್ಡ ಸೇತುವೆ, ದೊಡ್ಡ ರಸ್ತೆ ಅಂತ ಬೇಡಿಕೆ ಇದ್ದರೆ ಅವರನ್ನೇ ಕೂರಿಸಿ ಮಾತಾಡಿ. ಎಷ್ಟೋ ಕಡೆ ಬೇಕಾಗಿರುವುದು ಮಳೆಗಾಲದಲ್ಲಿ ಮಕ್ಕಳು ಸುರಕ್ಷಿತವಾಗಿ ದಾಟುವ ಗಟ್ಟಿ ಕಾಲುಸಂಕ, ಬೈಕು ಹೋಗುವಷ್ಟು ದಾರಿ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ಅವರು ಮಾಡಿದ್ದು ಇದನ್ನೇ: ದೊಡ್ಡ ಸೇತುವೆಗೆ ವರ್ಷಗಟ್ಟಲೆ ಕಾಯುತ್ತಿದ್ದ ಹಳ್ಳಿಗಳಿಗೆ ಕಡಿಮೆ ದುಡ್ಡಿನಲ್ಲಿ, ಹೊಳೆಯ ಪಾತ್ರಕ್ಕೆ ಕೈ ಹಾಕದೆ, ನಡೆದು ದಾಟುವ ದಾರಿ. ಇದೂ ಅಭಿವೃದ್ಧಿಯೇ. ಉದ್ಘಾಟನೆಗೆ ಅಷ್ಟು ದೊಡ್ಡ ಕಲ್ಲು ಹಾಕಿಸೋಕೆ ಆಗಲ್ಲ, ಅಷ್ಟೇ.

ಇನ್ನು ಬ್ಯಾಣ. ಮರ ಇಲ್ಲದ ಹುಲ್ಲುಗಾವಲು ಅಂದರೆ ಕಾಗದದಲ್ಲಿ "ಖಾಲಿ ಜಾಗ". ಕೊಳ್ಳುವವರಿಗೂ ಇಷ್ಟ, ಸುತ್ತ ನೋಟ ಚೆನ್ನಾಗಿರುತ್ತದೆ, ಮರ ಕಡಿಯುವ ತಾಪತ್ರಯ ಇಲ್ಲ. ಆದರೆ ನಿಮ್ಮೂರಿನ ಅಬ್ಬಿಗೆ ಬೇಸಿಗೆಯಲ್ಲಿ ನೀರು ಬರುವುದು ಆ ಬ್ಯಾಣದಲ್ಲಿ ಇಂಗಿದ ಮಳೆಯಿಂದ. ಇದು ಭಾಷಣ ಅಲ್ಲ, ಅಳೆದು ತೋರಿಸಬಹುದು. ಏಪ್ರಿಲ್ ಕೊನೆಗೆ, ಹಳ್ಳ ಸೊರಗಿದಾಗ, ಅಬ್ಬಿಯ ನೀರು ಬೀಳುವ ದಂಬೆಗೆ 20 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. 40 ಸೆಕೆಂಡಿಗೆ ತುಂಬಿತು ಅಂತಿಟ್ಟುಕೊಳ್ಳಿ, ಆಗ ದಿನಕ್ಕೆ 43,200 ಲೀಟರ್. ಜಲಜೀವನ್ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 500 ಜನಕ್ಕೆ 27,500 ಲೀಟರ್ ಆಯಿತು. ಉಳಿದದ್ದರಲ್ಲಿ ದನ, ಕೊಟ್ಟಿಗೆ, ತೋಟ. ತೋಟಕ್ಕೇ ಸಾಲದು ಅಂತ ನಿಮಗೆ ಗೊತ್ತೇ ಇದೆ.

ಈಗ ರೆಸಾರ್ಟನ್ನು ಲೆಕ್ಕಕ್ಕೆ ಸೇರಿಸಿ. ಹೋಟೆಲಿಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಅಂತ ಕಟ್ಟಡಗಳ ಭಾರತೀಯ ಮಾನಕ ಹೇಳುತ್ತದೆ. 20 ಕೋಣೆ, 40 ಹಾಸಿಗೆ, ಅಲ್ಲಿಗೆ 7,200 ಲೀಟರ್. ನಿಮ್ಮ ಲೆಕ್ಕದಲ್ಲಿ ಅದು 130 ಜನರ ನೀರು. ಈಜುಕೊಳ ಇದ್ದರೆ, ಅದು ಇದ್ದೇ ಇರುತ್ತದೆ ಬಿಡಿ, 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಸಣ್ಣ ಕೊಳಕ್ಕೇ 75,000 ಲೀಟರ್. ಇಡೀ ಊರಿನ ಎರಡೂ ಮುಕ್ಕಾಲು ದಿನದ ನೀರು. ಅವರು "ನಾವು ಬೋರ್ ಹೊಡೆಸಿಕೊಳ್ಳುತ್ತೇವೆ, ನಿಮ್ಮ ಅಬ್ಬಿ ಮುಟ್ಟುವುದಿಲ್ಲ" ಅನ್ನುತ್ತಾರೆ. ಮೇಲಿನ ಬೋರು ಕೆಳಗಿನ ಒರತೆಯ ನೀರನ್ನು ಎಳೆಯುವುದಿಲ್ಲ ಅಂತ ಯಾವ ಎಂಜಿನಿಯರೂ ಬರೆದುಕೊಡುವುದಿಲ್ಲ. ಬರೆದುಕೊಡಿ ಅಂತ ಕೇಳಿ ನೋಡಿ. ಬಳಸಿ ಬಿಟ್ಟ ನೀರಿನ ಪ್ರಶ್ನೆಯೂ ಇದೆ. 40 ಜನರ ಸ್ನಾನದ, ಕಕ್ಕಸಿನ ನೀರು ಇಂಗುವ ಗುಂಡಿ ನಿಮ್ಮ ಕುಡಿಯುವ ನೀರಿನ ತಲೆಯ ಮೇಲೆ ಇರುತ್ತದೆ.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಸಭೆಯಲ್ಲಿ ಗೋಡೆಗೆ ಅಂಟಿಸಿ. ಹುಡುಗರೂ ನೋಡುತ್ತಾರೆ, ಹಿರಿಯರೂ ನೋಡುತ್ತಾರೆ. ಅಲ್ಲಿಗೆ ಮಾತಿನ ದಿಕ್ಕೇ ಬದಲಾಗುತ್ತದೆ. ರೆಸಾರ್ಟ್ ಬೇಕಾ ಬೇಡವಾ ಅನ್ನುವ ಬದಲು, ಎಲ್ಲಿ, ಎಷ್ಟು ಕೋಣೆ, ಯಾವ ನೀರು ಅನ್ನುವ ಪ್ರಶ್ನೆ ಬರುತ್ತದೆ. ಅದೇ ರೆಸಾರ್ಟ್ ಬ್ಯಾಣದ ನೆತ್ತಿಯ ಬದಲು ಕೆಳಗೆ ರಸ್ತೆ ಪಕ್ಕದ ಗಟ್ಟಿ ಜಾಗದಲ್ಲಿ, ಎಂಟು ಕೋಣೆಯಾಗಿ, ಮಾಡಿನ ಮಳೆನೀರು ಹಿಡಿಯುವ ಟ್ಯಾಂಕಿನೊಂದಿಗೆ, ಈಜುಕೊಳ ಇಲ್ಲದೆ ಬರುವುದಾದರೆ ನಾನು ವಿರೋಧಿಸುವುದಿಲ್ಲ. ಹುಡುಗರ ಕೆಲಸ ಸುಮ್ನೆ ಮಾತಲ್ಲ.

ಪಂಚಾಯಿತಿಗೆ ತಡೆಯುವ ಅಧಿಕಾರ ಇದೆಯಾ? ಪೂರ್ತಿ ಇಲ್ಲ, ಆದರೆ ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ಇದೆ. ಜಮೀನು ಮಾರಾಟ ತಡೆಯಲು ನಿಮಗೆ ಆಗುವುದಿಲ್ಲ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ರಾಜ್ಯ ಸರ್ಕಾರ ತೆಗೆದುಹಾಕಿತು. ಮಲೆನಾಡಿನ ಗುಡ್ಡಗಳ ಬೆಲೆ ಆಮೇಲೆ ಹೇಗೆ ಏರಿತು ಅಂತ ಬ್ರೋಕರುಗಳನ್ನು ಕೇಳಿ. ಆದರೆ ಕೊಂಡ ಮೇಲೆ ಕಟ್ಟಲು ಎರಡು ಬಾಗಿಲು ದಾಟಬೇಕು. ಕೃಷಿ ಜಮೀನಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂನಲ್ಲಿ ಕನ್ವರ್ಷನ್ (ಕೃಷಿಯೇತರ ಬಳಕೆಗೆ ಬದಲಾವಣೆ) ಆಗಬೇಕು, ಅದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಕಟ್ಟಡಕ್ಕೆ ಪಂಚಾಯಿತಿಯ ಪರವಾನಗಿ ಬೇಕು, ಅದು ನಿಮ್ಮ ಕೈಯಲ್ಲಿದೆ. ಮತ್ತೆ ಆ ಬ್ಯಾಣ ನಿಜವಾಗಿ ಹಿಡುವಳಿಯಾ, ಗೋಮಾಳವಾ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟವಾ ಅಂತ ಪಹಣಿ ತೆಗೆಸಿ ನೋಡಿ. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ, ಯಾಕೆಂದರೆ ಸರ್ಕಾರಿ ಜಾಗವನ್ನು ಸ್ವಂತದ್ದು ಅಂತ ತೋರಿಸಿ ಮಾರಿರುತ್ತಾರೆ.

ಗ್ರಾಮಸಭೆಯಲ್ಲಿ ಠರಾವು ಮಾಡಿ. ಅಬ್ಬಿ, ಒರತೆ, ಕೆರೆ ಮತ್ತು ಅವುಗಳ ಮೇಲಿನ ಇಳಿಜಾರಿನ ಸರ್ವೆ ನಂಬರುಗಳನ್ನು ಹೆಸರಿಸಿ, ಇಲ್ಲಿ ಹೊಸ ಕಟ್ಟಡಕ್ಕೂ ಕನ್ವರ್ಷನ್‌ಗೂ ಊರಿನ ಆಕ್ಷೇಪವಿದೆ ಅಂತ ಬರೆಸಿ, ನಕ್ಷೆ ಮತ್ತು ನೀರಿನ ಅಳತೆ ಲಗತ್ತಿಸಿ ಡಿಸಿ ಕಚೇರಿಗೆ, ತಹಶೀಲ್ದಾರರಿಗೆ ಕಳಿಸಿ. ಕನ್ವರ್ಷನ್ ಅರ್ಜಿ ಬಂದ ಮೇಲೆ ಓಡಾಡುವುದಕ್ಕಿಂತ, ಅರ್ಜಿ ಬರುವ ಮೊದಲೇ ಫೈಲಿನಲ್ಲಿ ನಿಮ್ಮ ಕಾಗದ ಕೂತಿರಬೇಕು. "ಪರಿಸರ ಉಳಿಸಿ" ಅನ್ನುವ ಠರಾವನ್ನು ಯಾರೂ ಓದುವುದಿಲ್ಲ. "ಸರ್ವೆ ನಂಬರ್ ಇಂಥದ್ದು, ಕುಡಿಯುವ ನೀರಿನ ಮೂಲ, ಏಪ್ರಿಲ್‌ನಲ್ಲಿ ಇಷ್ಟು ಲೀಟರ್" ಅನ್ನುವುದನ್ನು ಬದಿಗೆ ಸರಿಸುವುದು ಅಧಿಕಾರಿಗೂ ಕಷ್ಟ.

ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇದೆಯಾ ಅಂತ ಪಿಡಿಒ ಅವರನ್ನು ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಎಲ್ಲ ಪಂಚಾಯಿತಿಯಲ್ಲೂ ಇರಲೇಬೇಕು. ಹೆಚ್ಚಿನ ಕಡೆ ಬೀರುವಿನೊಳಗೆ ಮಾತ್ರ ಇರುತ್ತದೆ. ಅದನ್ನು ಎಬ್ಬಿಸಿ. ಊರಿನ ಕಾನು, ಬ್ಯಾಣ, ಹಳ್ಳ, ಔಷಧಿ ಗಿಡ ಎಲ್ಲ ದಾಖಲಿಸುವ ಕೆಲಸ ಆ ಸಮಿತಿಯದ್ದು. ನಿಮ್ಮ ತಾಲ್ಲೂಕಿನಲ್ಲೇ ಅಂಬಾರಗುಡ್ಡ ಇದೆಯಲ್ಲ, ಗಣಿಗಾರಿಕೆ ವಿರುದ್ಧ ಜನ ಹೋರಾಡಿದ ಆ ಗುಡ್ಡ 2011ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಲ್ಲುಗಾವಲು ಖಾಲಿ ಜಾಗವಲ್ಲ ಅಂತ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನಿಮಗೆ ಸಿಗುವುದಿಲ್ಲ.

ಸಭೆಯಲ್ಲಿ ಯಾರಾದರೂ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿದ ಕಸ್ತೂರಿರಂಗನ್ ವರದಿ ಎತ್ತಿಯೇ ಎತ್ತುತ್ತಾರೆ. ಬೇಗ ಮುಗಿಸಿಬಿಡಿ. ಅದರ ಆಧಾರದ ಮೇಲೆ ಕೇಂದ್ರ ಹೊರಡಿಸಿದ 2024ರ ಜುಲೈ 31ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಅಂತ ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಮನೆ ಕೆಡವುತ್ತಾರೆ, ಕೃಷಿ ನಿಲ್ಲಿಸುತ್ತಾರೆ ಅನ್ನುವುದು ಕರಡಿನಲ್ಲಿ ಇಲ್ಲ. ಇದ್ದದ್ದು ಗಣಿ, ಕಲ್ಲುಕ್ವಾರಿ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯದ) ಕಾರ್ಖಾನೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಇಂಥವಕ್ಕೆ ತಡೆ. ನಿಮ್ಮ 20 ಕೋಣೆಯ ರೆಸಾರ್ಟ್ ಅದರ ಬಲೆಗೆ ಬೀಳುತ್ತಲೇ ಇರಲಿಲ್ಲ. ಅಂದರೆ ದಿಲ್ಲಿಯಿಂದ ಯಾರೋ ನಿಮ್ಮ ಅಬ್ಬಿ ಕಾಯುತ್ತಾರೆ ಅನ್ನುವುದೂ ಸುಳ್ಳು, ಯಾರೋ ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಅನ್ನುವುದೂ ಸುಳ್ಳು.

ಜಮೀನು ಮಾರುವವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಇಳುವರಿ ಬಿದ್ದಿದೆ, ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಅವರಿಗೆ ಆ ಬ್ಯಾಣ ಆಸ್ಪತ್ರೆಯ ಖರ್ಚು. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ಗ್ರಾಮದವರು ಹೊರಗಿನವರಿಗೆ ಜಮೀನು ಮಾರುವುದಿಲ್ಲ, ಕೃಷಿಗೆ ಬೋರ್ ಹೊಡೆಸುವುದಿಲ್ಲ ಅಂತ ಗ್ರಾಮಸಭೆಯಲ್ಲಿ ತಾವೇ ಕಟ್ಟುಪಾಡು ಹಾಕಿಕೊಂಡರು. 1989ರಲ್ಲಿ ಸರಪಂಚರಾದ ಪೋಪಟ್‌ರಾವ್ ಪವಾರ್ ಅವರ ಕಾಲದಲ್ಲಿ. ಅದು ಬರದ ಸೀಮೆ, ನಿಮ್ಮದು ಮಳೆ ಸೀಮೆ, ಹಾಗೇ ನಕಲು ಮಾಡಲು ಬರುವುದಿಲ್ಲ. ಆದರೆ ಗಮನಿಸಿ, ಅಲ್ಲಿ ಆ ಕಟ್ಟುಪಾಡು ನಿಂತದ್ದು ಮೊದಲು ನೀರು ನಿಲ್ಲಿಸಿ ಹೊಲದಿಂದ ಆದಾಯ ಬರುವ ಹಾಗೆ ಮಾಡಿದ್ದರಿಂದ. ಆದಾಯ ಇಲ್ಲದವರಿಗೆ "ಮಾರಬೇಡಿ" ಅನ್ನುವುದು ಸುಲಭ, ಅವರ ಮನೆ ನಡೆಸುವುದು ನೀವಲ್ಲವಲ್ಲ. ಮಾರುವ ಬದಲು ಲೀಸ್‌ಗೆ ಕೊಡುವುದು, ಊರಿನ ನಾಲ್ಕು ಹುಡುಗರು ಸೇರಿ ಅದೇ ಹಳೇ ಮನೆಯನ್ನು ಹೋಂಸ್ಟೇ ಮಾಡುವುದು, ಇಂಥ ದಾರಿ ಮಾತಾಡಿ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ಇರಬೇಕು. ಮನೆಯವರು ಇದ್ದ ಕಡೆ ರಾತ್ರಿ ಡಿಜೆ ಹಾಕುವವರು ಕಡಿಮೆ.

ಪ್ರವಾಸಿಗರು ಬರುವುದಾದರೆ ಊರಿನ ತರಕಾರಿ, ಹಾಲು, ಅಡುಗೆ ಅವರ ಎಲೆಗೆ ಬೀಳಬೇಕು. ಕೇರಳದ ಕುಮರಕೊಂನಲ್ಲಿ 2008ರಿಂದ ಇದನ್ನು ಮಾಡಿದರು, ಸ್ಥಳೀಯ ಮಹಿಳಾ ಸಂಘಗಳ ತರಕಾರಿಯನ್ನು ಹೋಟೆಲುಗಳು ಕೊಳ್ಳುವ ಹಾಗೆ ಪಂಚಾಯಿತಿಯೇ ನಡುವೆ ನಿಂತಿತು. ರೆಸಾರ್ಟಿನವರ ಜೊತೆ ಮಾತುಕತೆಗೆ ಕೂತಾಗ ಇದನ್ನೂ ಕೇಳಿ. "ನಿಮ್ಮೂರ ಹುಡುಗರಿಗೆ ಕೆಲಸ ಕೊಡುತ್ತೇವೆ" ಅಂದರೆ ಯಾವ ಕೆಲಸ, ಎಷ್ಟು ಜನಕ್ಕೆ, ಎಷ್ಟು ಸಂಬಳ ಅಂತ ಬರೆಸಿಕೊಳ್ಳಿ. ಗೇಟು ಕಾಯುವ ಇಬ್ಬರು, ಪಾತ್ರೆ ತೊಳೆಯುವ ಮೂವರು ಅಂತಾದರೆ ಹುಡುಗರೇ ಯೋಚಿಸುತ್ತಾರೆ.

ಕಸದ್ದು ಚಿಕ್ಕ ವಿಷಯ ಅನಿಸುತ್ತದೆ, ಆದರೆ ಊರು ಹಾಳಾಗುವುದು ಮೊದಲು ಕಾಣುವುದೇ ಅಲ್ಲಿ. ನಿಮ್ಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ (ಕಸ ವಿಂಗಡಿಸುವ ಘಟಕ) ಹೋಂಸ್ಟೇ, ರೆಸಾರ್ಟುಗಳ ಕಸ ಸೇರಬೇಕು, ಅದಕ್ಕೆ ಮನೆಗಿಂತ ಜಾಸ್ತಿ ಶುಲ್ಕ ಇಡಿ, ಆ ದುಡ್ಡು ಗಾಡಿ ಓಡಿಸುವ ಸಂಘದ ಹೆಂಗಸರಿಗೆ ಹೋಗಲಿ. ಹತ್ತಿರ ಜಲಪಾತವೋ ಗುಡ್ಡವೋ ಇದ್ದು ಜನ ಬರಲು ಶುರುವಾಗಿದ್ದರೆ ಅರಣ್ಯ ಇಲಾಖೆಯ ಜೊತೆ ಈಗಲೇ ಮಿತಿ ಮಾತಾಡಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕೆ 300 ಜನರ ಮಿತಿ ತಂದರು. ನುಗ್ಗುವ ಮೊದಲೇ ತರುವುದು ಸುಲಭ. ಪಾರ್ಕಿಂಗ್ ಊರ ಕೆಳಗೆ ಇಟ್ಟು, ಅಲ್ಲಿಂದ ಊರವರ ಜೀಪಿನಲ್ಲಿ ಅಥವಾ ನಡೆದು ಹೋಗುವ ಹಾಗೆ ಮಾಡಿದರೆ ರಸ್ತೆ ಅಗಲ ಮಾಡುವ ಒತ್ತಡವೂ ತಗ್ಗುತ್ತದೆ, ಹುಡುಗರಿಗೂ ದುಡಿಮೆ.

ಕೊನೆಯದಾಗಿ ಸಭೆಗೆ ಯಾರು ಬರುತ್ತಾರೆ ಅನ್ನುವುದು. ಊರು ಹೀಗೇ ಇರಲಿ ಅನ್ನುವ ಹಿರಿಯರಲ್ಲಿ ಎಷ್ಟು ಜನರ ಮಕ್ಕಳು ಈಗಾಗಲೇ ಪೇಟೆಯಲ್ಲಿ ಒಳ್ಳೆ ಸಂಬಳದಲ್ಲಿದ್ದಾರೆ, ನೀವೇ ಲೆಕ್ಕ ಹಾಕಿ. ಕೇರಿಯಲ್ಲಿ, ಕಾಲೊನಿಯಲ್ಲಿ ಇರುವ ಕೂಲಿಯವರಿಗೆ ಬ್ಯಾಣ ಅಂದರೆ ಸೌದೆ, ದನದ ಮೇವು, ಇಲ್ಲದಿದ್ದರೆ ಏನೂ ಅಲ್ಲ. ರೆಸಾರ್ಟ್ ಅಂದರೆ ವರ್ಷಪೂರ್ತಿ ಕೂಲಿ ಸಿಗಬಹುದು ಅನ್ನುವ ಆಸೆ. ಅವರು ಗ್ರಾಮಸಭೆಯಲ್ಲಿ ಹಿಂದೆ ಕೂತು ಮಾತಾಡದೆ ಎದ್ದು ಹೋಗುತ್ತಾರೆ. ವಾರ್ಡ್ ಸಭೆಯನ್ನು ಅವರ ಕೇರಿಯಲ್ಲೇ, ಸಂಜೆ, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಮೊದಲು ನಲ್ಲಿ ನಿಲ್ಲುವುದು ಯಾವ ಕೇರಿಯಲ್ಲಿ ಅಂತ ಹೆಂಗಸರನ್ನು ಕೇಳಿ. ಅವರ ಒಪ್ಪಿಗೆ ಇಲ್ಲದ ಠರಾವನ್ನು ರೆಸಾರ್ಟಿನವರು ಒಂದೇ ವಾರದಲ್ಲಿ ಒಡೆಯುತ್ತಾರೆ.

ಸಭೆಗೆ ಇನ್ನೂ ತಿಂಗಳಿದೆ. ಈ ವಾರ ಎಸ್ಟಿಮೇಟ್ ಮತ್ತು ಬ್ಯಾಣದ ಪಹಣಿ ತರಿಸಿ. ಇಬ್ಬರು ಹುಡುಗರು, ಇಬ್ಬರು ಹಿರಿಯರನ್ನು ಒಟ್ಟಿಗೆ ಬಕೆಟ್ ಕೊಟ್ಟು ಅಬ್ಬಿಗೆ ಕಳಿಸಿ. ಅಂಕಿ ಬಂದ ಮೇಲೆ, ಸರ್ವೆ ನಂಬರುಗಳ ಜೊತೆ ನನಗೆ ಬರೆಯಿರಿ, ಠರಾವಿನ ಕರಡನ್ನು ಕೂತು ಬರೆಯೋಣ.